ಶಮಶೇರಸಾಬರ ಸಮುದ್ರ

ನನ್ನ ಗಂಡ ಶಮಶೇರಸಾಬರು ರಾಣೆಬೆನ್ನೂರು ಡಿಪೋದ ಡ್ರೈವರ್. ಹದಿನೆಂಟು ವರ್ಷ ಪಣಜಿಗೆ ಬಸ್ಸು ಓಡಿಸಿದರು. ಆ ಹದಿನೆಂಟು ವರ್ಷವೂ ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ, ಸೀನುತ್ತ ಕೂತಿದ್ದೆ. ಅವರು ಮನೆಗೆ ಬಂದು ಸಮುದ್ರದ ಗಾಳಿಯ ವರ್ಣನೆ ಶುರುಮಾಡಿದಾಗೆಲ್ಲ ನನ್ನ ಬೆರಳು ಉರಿಯುತ್ತಿರುತ್ತಿದ್ದವು. ಒಂದೇ ಒಂದು ಸಲ ಕರೆದುಕೊಂಡು ಹೋಗಿ ಅಂದರೆ, "ಡ್ಯೂಟಿ ಮ್ಯಾಲೆ ಹೆಂಡತಿನ್ನ ಕೂಡಿಸಿಕೊಂಡು ಹೋದ್ರ ಮಂದಿ ನಗತಾರ" ಎನ್ನುತ್ತಿದ್ದರು. ಆ ಮಾತನ್ನು ನಾನು ಮರೆತಿರಲಿಲ್ಲ.

ಎಂಬತ್ತೊಂಬತ್ತನೇ ಇಸವಿಯಲ್ಲಿ ನಿವೃತ್ತರಾದ ಮೇಲೆ ಅವರಿಗೆ ಹೊಸ ಹುಚ್ಚು ಹಿಡಿಯಿತು. ಉಳಿದ ಜೀವನ ಯಾವ ರಾಜ್ಯದಲ್ಲಿ ಕಳೆದರೆ ಸೋವಿ, ಯಾವುದು ಚೆಂದ ಎಂದು ಕೂತಲ್ಲಿ ನಿಂತಲ್ಲಿ ಅದೇ ಮಾತು. ಕೇರಳದಲ್ಲಿ ಮಳೆ ಜಾಸ್ತಿಯಂತೆ. ಮಹಾರಾಷ್ಟ್ರದಲ್ಲಿ ಬಾಡಿಗೆ ಜಾಸ್ತಿಯಂತೆ. ಕೊನೆಗೆ ಗೋವಾ ಗೆದ್ದಿತು.

"ಈಗ ಅದು ಬ್ಯಾರೆ ರಾಜ್ಯ ಆಗೈತಿ, ಜೈತೂನ. ಮೀನ ಸೋವಿ, ಗಾಳಿ ಚೊಲೊ. ಪಣಜಿ ಬಸ್‌ಸ್ಟ್ಯಾಂಡಿನ ಚಾದಂಗಡಿಯವ ಎರಡು ಖೋಲಿ ಮನಿ ಕೊಡಸ್ತೀನಿ ಅಂದಾನ. ಈ ಮನಿಗೆ ಗಿರಾಕಿನೂ ಸಿಕ್ಕಾನ, ಮಾರಿದ್ರ ಆತು."

ಈ ಮನೆ ಮಾರಬೇಕಂತೆ! ಇದು ನನ್ನ ಹೆಸರಿನ ಮನೆ. ತವರೂರು ಗುತ್ತಲದಿಂದ ನನ್ನ ಅಪ್ಪ ಬಂದು ಕೊಡಿಸಿದ ಜಾಗ, ನನ್ನ ಕೂಲಿಯಲ್ಲಿ ಎದ್ದ ಗೋಡೆ. ನನ್ನ ಸಹಿ ಇಲ್ಲದೆ ಇದರ ಒಂದು ಹೆಂಚೂ ಮಾರುವಂತಿಲ್ಲ. ಅಷ್ಟು ಗೊತ್ತಿದ್ದೂ ಗಿರಾಕಿಯನ್ನು ಮೊದಲು ಹುಡುಕಿ, ನನ್ನನ್ನು ಆಮೇಲೆ ಕೇಳಿದ್ದರು.

"ಮೊದಲ ಸಮುದ್ರ ತೋರಸ್ರಿ. ಸಹಿ ಮಾತು ಆಮ್ಯಾಲೆ" ಎಂದೆ. ನೋಡಿದ ಮೇಲೂ ಸಹಿ ಮಾಡುವ ಮನಸ್ಸು ನನಗಿರಲಿಲ್ಲ. ಹುಳುಕು ಹುಡುಕುವುದಕ್ಕೇ ಹೊರಟಿದ್ದೆ.

ಪಕ್ಕದ ಮನೆಯ ಖತೀಜಾಬಿ, "ಅಂತೂ ಇಂತೂ ನಿಮ್ಮವರು ಗೋವಾ ತೋರಸ್ತಾರೇನ ಆಪಾ?" ಎಂದು ಹಲ್ಲು ಕಿರಿದಳು. ಊರಿನವರ ಮನೆಯ ಮಾತು ಅವಳಿಗೆ ಊಟಕ್ಕಿಂತ ರುಚಿ.

ಹಾವೇರಿಯಲ್ಲಿ ಹಗಲು ಬಸ್ಸು ಹತ್ತಿದೆವು. ಪಣಜಿಯಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಅವರು ಎದೆಯುಬ್ಬಿಸಿಕೊಂಡು ಮುಂದೆ ನಡೆದು, ನೀರಿನ ಅಂಚಿಗೆ ನಿಂತು ಕೈ ಚಾಚಿದರು.

"ನೋಡು. ಸಮುದ್ರ."

ಅಗಲವಾದ ನೀರು, ದೋಣಿಗಳು, ಉಪ್ಪುಪ್ಪು ವಾಸನೆ, ಎಲ್ಲ ಇತ್ತು. ಆದರೆ ಆಚೆ ದಂಡೆಯೂ ಇತ್ತು. ನಾನು ತುಂಗಭದ್ರೆಯ ಪ್ರವಾಹ ನೋಡಿ ಬೆಳೆದವಳು.

"ಇದು ಹೊಳಿರಿ" ಎಂದೆ.

"ಹುಚ್ಚಿ! ಹದಿನೆಂಟು ವರ್ಷ ನೋಡೀನಿ ನಾ."

"ಆಚೀ ದಂಡಿ ಮ್ಯಾಲೆ ಲಾರಿ ಓಡಾಕತ್ತಾವ, ಕಣ್ಣ ಬಿಟ್ಟು ನೋಡ್ರಿ. ಸಮುದ್ರದಾಗ ಲಾರಿ ಎಲ್ಲಿಂದ ಬಂದ್ವು?"

ಅಲ್ಲೇ ಶೇಂಗಾ ಮಾರುತ್ತಿದ್ದ ಹೆಂಗಸು ನಮ್ಮ ಕಡೆಯವಳೇ. ನಕ್ಕುಬಿಟ್ಟಳು. "ಇದು ಮಾಂಡವಿ ಹೊಳಿರಿ, ಅಣ್ಣಾರ. ಸಮುದ್ರ ಇನ್ನೂ ಮುಂದ ಐತಿ."

ಅವರ ಚಾಚಿದ ಕೈ ಕೆಳಗಿಳಿಯಿತು. ನಾನು ಬಿಡಲಿಲ್ಲ. "ಹದಿನೆಂಟು ವರ್ಷ ನನಗ ಏನೇನ ಹೇಳಿದ್ರಿ? ತೆರಿ ಅಂದ್ರಿ, ಮರಳ ಅಂದ್ರಿ. ಎಲ್ಲಾ ಸುಳ್ಳೇನು?"

"ತೆರಿ, ಮರಳ ಎಲ್ಲಾ ಪ್ಯಾಸೆಂಜರ್ ಮಂದಿ ಮಾತಾಡತಿದ್ರು." ಅವರು ನೀರನ್ನೇ ನೋಡುತ್ತಿದ್ದರು. "ನಾ ಬರೂದರಾಗ ಕತ್ತಲಾಗಿರತಿತ್ತು. ಬಸ್ಸಿನ ಮ್ಯಾಲೆ ಮಲಗತಿದ್ದೆ. ಬೆಳಕ ಹರಿಯೂದರಾಗ ವಾಪಸ್ ಬಿಡಬೇಕು. ದೋಣಿ ದೀಪ ಕಾಣತಿದ್ವು. ಸಮುದ್ರ ಅಂತನ ತಿಳಕೊಂಡೆ."

"ಒಬ್ಬರನ್ನರ ಕೇಳಬಾರದೇನ್ರಿ?"

"ಯಾರನ್ನ ಕೇಳಲಿ? ಎಲ್ಲಾರೂ ನನ್ನ ಕೇಳತಿದ್ರು."

ಅಯ್ಯೋ ಅನ್ನಿಸಿತು. ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಈ ಮನುಷ್ಯ ಮಜಾ ಮಾಡುತ್ತಿದ್ದಾನೆಂದು ಹದಿನೆಂಟು ವರ್ಷ ಹೊಟ್ಟೆ ಉರಿಸಿಕೊಂಡಿದ್ದೆನಲ್ಲ, ಅವರು ಬಸ್ಸಿನ ತಗಡಿನ ಮೇಲೆ ಮೈ ಮುದುಡಿ ಮಲಗುತ್ತಿದ್ದರು. ನನ್ನ ಅಷ್ಟೂ ಹೊಟ್ಟೆಯುರಿ ದಂಡವಾಗಿತ್ತು.

"ಮನಿ ಮಾರೂದಿಲ್ಲ" ಎಂದೆ. "ಗೋವಾನೂ ಬ್ಯಾಡ, ಕೇರಳಾನೂ ಬ್ಯಾಡ. ಇನ್ನೊಮ್ಮೆ ಸಹಿ ಕೇಳಬ್ಯಾಡ್ರಿ."

ಅವರು ತಲೆಯಾಡಿಸಿದರು. ಖರೇ ಸಮುದ್ರ ಅಲ್ಲಿಂದ ಮೂರು ಮೈಲಿಯೂ ಇರಲಿಲ್ಲ. ಹೋಗೋಣ ಎಂದು ಅವರು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಸಿಕ್ಕ ಬಸ್ಸು ಹತ್ತಿ ವಾಪಸ್ ಬಂದೆವು.

ಖತೀಜಾಬಿ ನಮ್ಮ ಕಟ್ಟೆಯ ಮೇಲೆಯೇ ಕಾಯುತ್ತಿದ್ದಳು. "ಬಂದ್ರ್ಯಾ? ಸಮುದ್ರ ಹೆಂಗಿತ್ರಿ ಭಾಯಿಜಾನ್?" ಎಂದು ಅವರನ್ನೇ ಕೇಳಿದಳು. ಬಾಗಿಲ ಬೀಗಕ್ಕೆ ಚಾವಿ ಹಾಕಿದ್ದ ಅವರ ಕೈ ಹಾಗೇ ನಿಂತಿತು.

ಅವರನ್ನು ಬೈಯುವುದಕ್ಕೆ ನಾನಿದ್ದೇನೆ. ಅದರಲ್ಲಿ ಇವಳಿಗೆ ಪಾಲಿಲ್ಲ.

"ಅವರನ್ನೇನ ಕೇಳತಿ, ನನ್ನ ಕೇಳು" ಎಂದೆ. "ಆಚೀ ದಂಡೀನ ಕಾಣೂದಿಲ್ಲ, ಅಷ್ಟ ದೊಡ್ಡದೈತಿ. ನಮ್ಮವರಿಗೆ ಅಲ್ಲಿ ಗಲ್ಲಿ ಗಲ್ಲಿ ಗೊತ್ತು. ಕೈ ಹಿಡಕೊಂಡು ಎಲ್ಲಾ ತೋರಿಸಿದ್ರು."

ಖತೀಜಾಬಿಯ ಮುಖ ಸಪ್ಪಗಾಯಿತು. ಅವರು ತಿರುಗಿ ನನ್ನನ್ನೇ ನೋಡುತ್ತ ನಿಂತರು.

"ಏನ ನೋಡತೀರಿ?" ಎಂದು ಗದರಿದೆ. "ಲಗೂನ ಬೀಗ ತಗೀರಿ."