ಅಲಗಿನಲ್ಲಿ ಉಳಿಯದ ಗುರುತು

ಸೇನಾ ಉಗ್ರಾಣದ ಸಾಣೆ ಮೇಸ್ತ್ರಿ ಚಾಕುವನ್ನು ಬೆಳಕಿಗೆ ಹಿಡಿದು ಒಮ್ಮೆ ಓರೆ ಮಾಡಿ ನೋಡಿದರೆ ಸಾಕು, ಅದು ಏನೇನು ಕೆಲಸ ಮಾಡಿ ಬಂದಿದೆ ಎಂದು ಹೇಳಿಬಿಡುತ್ತಿದ್ದರು. ತುದಿ ಮೊಂಡಾಗಿದ್ದರೆ ಡಬ್ಬಿ ತೆರೆದದ್ದು. ಬಾಯಿಯಲ್ಲಿ ಸಣ್ಣ ಹಳ್ಳ ಬಿದ್ದಿದ್ದರೆ ತಂತಿ ಕತ್ತರಿಸಲು ಹೋದದ್ದು. ಬೆನ್ನಿನ ಮೇಲೆ ಪೆಟ್ಟಿನ ಗುರುತಿದ್ದರೆ ಕಲ್ಲಿನಲ್ಲಿ ಬಡಿದು ಸೌದೆ ಸೀಳಿದ್ದು. ಅಲಗಿನುದ್ದಕ್ಕೂ ಗೀರುಗಳಿದ್ದರೆ ಮಣ್ಣು ಅಗೆದದ್ದು.

"ನಮ್ಮ ಮೇಸ್ತ್ರಿ ಚಾಕುಗಳಿಗೆ ಜಾತಕ ಬರೀತಾರೆ" ಎಂದು ಉಗ್ರಾಣದ ಗುಮಾಸ್ತ ಬಂದವರಿಗೆಲ್ಲ ಹೇಳುತ್ತಿದ್ದ.

ಅದು ಬರೀ ತಮಾಷೆಯಲ್ಲ. ಮೇಸ್ತ್ರಿಯ ಬಳಿ ನಿಜವಾಗಿಯೂ ಒಂದು ದಪ್ಪ ಪುಸ್ತಕವಿತ್ತು. ಯಾರೂ ಹೇಳದಿದ್ದರೂ ಒಂಬತ್ತು ವರ್ಷಗಳಿಂದ ಸಾಣೆಗೆ ಬಂದ ಒಂದೊಂದು ಚಾಕುವಿನ ಸಂಖ್ಯೆಯನ್ನೂ ಬರೆದು, ಅದರ ಮುಂದೆ ಕಂಡ ಗುರುತನ್ನು ದಾಖಲಿಸಿದ್ದರು. ಒಟ್ಟು ಎರಡು ಸಾವಿರದ ಮುನ್ನೂರ ಹನ್ನೊಂದು. ಇವೆಲ್ಲ ಸೈನಿಕರು ಸೊಂಟಕ್ಕೆ ಕಟ್ಟಿಕೊಳ್ಳುವ, ಮಡಚಲು ಬಾರದ, ಒರೆಯಲ್ಲಿಡುವ ಚಾಕುಗಳು. ಒಂಬೈನೂರ ಎರಡರಲ್ಲಿ ಡಬ್ಬಿ, ಸೌದೆ, ತಂತಿ, ಮಣ್ಣಿನ ಗುರುತುಗಳಿದ್ದವು. ಮೂಳೆಯ ಗುರುತಿದ್ದದ್ದು ಮೂರರಲ್ಲಿ ಮಾತ್ರ. ವಿಚಾರಿಸಿದಾಗ ಮೂರೂ ಸೇನೆಯ ಅಡುಗೆಯವರವು ಎಂದು ತಿಳಿದಿತ್ತು. ಉಳಿದ ಸಾವಿರದ ನಾನೂರ ಆರು ಚಾಕುಗಳ ಮುಂದೆ ಮೇಸ್ತ್ರಿ ಒಂದೇ ಪದ ಬರೆದಿದ್ದರು: ಬಳಸಿಲ್ಲ.

ಆ ಶುಕ್ರವಾರ ಉಗ್ರಾಣದ ಅಧಿಕಾರಿ ತಾವೇ ಸಾಣೆಯ ಕೋಣೆಗೆ ಬಂದರು.

"ಮೇಸ್ತ್ರಿ, ಸೋಮವಾರ ಸಮಿತಿ ಕೂತ್ಕೊಳ್ಳುತ್ತೆ. ಒರೆ ಚಾಕು ಇನ್ನು ಮುಂದೆ ಬೇಕಾ, ಬೇಡ್ವಾ ಅಂತ ತೀರ್ಮಾನ. ಒರೆ ಸೇರಿ ನಾನೂರ ಮೂವತ್ತು ಗ್ರಾಂ. ಮೊದಲೇ ಹುಡುಗರ ಬೆನ್ನು ಬಾಗಿದೆ. ನಿಮ್ಮ ಪುಸ್ತಕ ತನ್ನಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಅದರಲ್ಲೇ ಎಲ್ಲ ಇದೆಯಲ್ಲ."

"ತರ್ತೀನಿ ಸಾರ್."

ಅಧಿಕಾರಿ ಬಾಗಿಲ ಬಳಿ ನಿಂತರು. "ಇಷ್ಟು ಬೇಗ ನಿಮ್ಮನ್ನ ಕರೀಬಾರ್ದಿತ್ತು. ಮಗ ಹೋಗಿ ಇನ್ನೂ ಎರಡು ತಿಂಗಳೂ ಆಗಿಲ್ಲ."

"ಐವತ್ತೆರಡು ದಿನ" ಎಂದರು ಮೇಸ್ತ್ರಿ.

ಮಗನೂ ಸೈನಿಕನಾಗಿದ್ದ. ಕಳೆದ ವರ್ಷ ರಜೆಗೆ ಬಂದವನು ಹೊರುವ ಭಾರದ ಬಗ್ಗೆ ಗೊಣಗಿದ್ದ. ನೀರು, ಗುಂಡು, ರೇಡಿಯೊ, ಅದರ ಬ್ಯಾಟರಿ. "ಕತ್ತೆಗಾದ್ರೆ ಸಂಜೆ ಹೊರೆ ಇಳಿಸ್ತಾರಪ್ಪ, ನಮಗೆ ಅದೂ ಇಲ್ಲ" ಎಂದಿದ್ದ. ಅವನ ತಂಡದಲ್ಲಿ ಒರೆ ಚಾಕು ಒಯ್ಯುವುದು ಅವರವರ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಮೇಸ್ತ್ರಿ ತಮ್ಮ ಪುಸ್ತಕ ತೆರೆದು ಅವನ ಮುಂದಿಟ್ಟಿದ್ದರು. "ಇದರಲ್ಲಿ ಮಡಚೋ ಚಾಕು ಮಾಡಲಾಗದ ಕೆಲಸ ಒಂದು ತೋರಿಸು ನೋಡೋಣ." ಮಗ ಹಾಳೆ ಮಗುಚಿ ನಕ್ಕಿದ್ದ. "ನೀವು ಹೇಳಿದ ಮೇಲೆ ಮುಗೀತು ಬಿಡಿ. ಮಾಡಿಕೊಡಿ."

ಮಾಡಿಕೊಟ್ಟರು. ನೂರ ಇಪ್ಪತ್ತು ಗ್ರಾಂ, ಮರದ ಹಿಡಿ, ಅಲಗಿನಲ್ಲಿ ಉಗುರು ಹಾಕಿ ಎಳೆಯಲು ಒಂದು ಸಣ್ಣ ಗೀರು. ಜೇಬಿನಲ್ಲಿ ತಾನಾಗಿ ತೆರೆದುಕೊಂಡು ತೊಡೆ ಕೊಯ್ದೀತೆಂದು ಸ್ಪ್ರಿಂಗನ್ನು ಬಿಗಿಯಾಗಿಯೇ ಕೂಡಿಸಿದರು. ಎರಡು ಕೈ ಹಾಕಿದರಷ್ಟೇ ತೆರೆಯುತ್ತಿತ್ತು. ಆ ಬಿಗಿಯ ಬಗ್ಗೆ ಅವರಿಗೆ ಹೆಮ್ಮೆಯಿತ್ತು.

ಆಗ ಸೊಸೆ ಮನೆಯಲ್ಲಿರಲಿಲ್ಲ. ಅವಳು ಚೀಲ ಹೊಲಿಯುವ ಕಾರ್ಖಾನೆಯಲ್ಲಿ ಪಟ್ಟಿ ಕತ್ತರಿಸುವ ವಿಭಾಗದಲ್ಲಿದ್ದಳು. ಗಂಡನ ಜೇಬಿನಲ್ಲಿ ಸಣ್ಣ ಚಾಕು ಇರುವುದು ಅವಳಿಗೆ ಗೊತ್ತಿತ್ತು. ದೊಡ್ಡದನ್ನು ಬಿಡಿಸಿ ಅದನ್ನು ಕೊಟ್ಟವರು ಯಾರೆಂದು ಗೊತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಸೊಸೆ ತಟ್ಟೆ ತೊಳೆಯುತ್ತಿದ್ದಾಗ, ಬಾಗಿಲು ಬಡಿದ ಸದ್ದಾಯಿತು. ಬಂದವನು ಮಗ ಸತ್ತ ದಿನ ಆ ವಾಹನ ಓಡಿಸುತ್ತಿದ್ದ ಡ್ರೈವರ್. ಎಡಗಾಲು ಎಳೆದುಕೊಂಡು ಒಳಗೆ ಬಂದ. ಕುರ್ಚಿ ತೋರಿಸಿದರೂ ಬಹಳ ಹೊತ್ತು ಕೂರಲಿಲ್ಲ.

"ಆಸ್ಪತ್ರೆಯಿಂದ ಮೊನ್ನೆ ಬಿಟ್ರು. ಮೊದಲು ಇಲ್ಲಿಗೇ ಬರೋಣ ಅಂತ" ಎಂದು ಜೇಬಿನಿಂದ ಬಟ್ಟೆಯ ಸಣ್ಣ ಗಂಟು ತೆಗೆದು ಮೇಜಿನ ಮೇಲಿಟ್ಟ. "ಇದು ಅವನ ಕೈಯಲ್ಲಿತ್ತು. ಸಾಮಾನಿನ ಜೊತೆ ಕಳಿಸಿದ್ರೆ ಎಲ್ಲೋ ಕಳೆದುಹೋಗುತ್ತೆ ಅಂತ ನಾನೇ ಇಟ್ಕೊಂಡೆ."

ಮಡಚಿದ ಚಾಕು. ಮೇಸ್ತ್ರಿ ಅದನ್ನು ಮುಟ್ಟಲಿಲ್ಲ.

ಸೊಸೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು. "ಏನಾಯ್ತು ಅಂತ ಸರಿಯಾಗಿ ಹೇಳಿ ಅಣ್ಣ. ಕಾಗದದಲ್ಲಿ ಮೂರೇ ಸಾಲು ಬರೆದಿದ್ರು."

ಡ್ರೈವರ್ ಹೇಳಿದ. ಗುಂಡು ಹಾರತೊಡಗಿದಾಗ ವಾಹನ ಏರಿಯಿಂದ ಜಾರಿ ಕಾಲುವೆಗೆ ಮಗುಚಿತು. ನೀರು ಏರುತ್ತಿತ್ತು. ಸೀಟಿನ ಪಟ್ಟಿಗಳ ಕೊಂಡಿ ಸಿಕ್ಕಿಕೊಂಡಿತ್ತು. ಮಗನ ಬಲಗೈ ಮುರಿದಿತ್ತು. ಡ್ರೈವರ್ ಸೊಂಟದ ಚಾಕು ಎಳೆದು ಒಂದೇ ಏಟಿಗೆ ತನ್ನ ಪಟ್ಟಿ ಕೊಯ್ದುಕೊಂಡ. ಅವನದನ್ನೂ ಕೊಯ್ಯಲು ಬಗ್ಗುವಷ್ಟರಲ್ಲಿ ವಾಹನ ಇನ್ನೊಂದು ಸುತ್ತು ಉರುಳಿ ತಾನು ಹೊರಗೆ ಬಿದ್ದ.

"ಅವನು ಎಡಗೈಲಿ ಇದನ್ನ ಹಿಡ್ಕೊಂಡಿದ್ದು ನೋಡಿದೆ" ಎಂದ. "ತೆರೀತಾ ಇದ್ದ."

ಕೊಳಾಯಿ ಸರಿಯಾಗಿ ನಿಲ್ಲಿಸಿರಲಿಲ್ಲ. ಹನಿ ಬೀಳುತ್ತಿತ್ತು.

"ನಿಮ್ಮ ಚಾಕು ಇದೆಯಾ?" ಮೇಸ್ತ್ರಿ ಕೇಳಿದರು.

ಡ್ರೈವರ್ ಸೊಂಟದಿಂದ ಬಿಚ್ಚಿ ಕೊಟ್ಟ. ಮೇಸ್ತ್ರಿ ಅದನ್ನು ಕಿಟಕಿಯ ಬಳಿ ಒಯ್ದು, ಭೂತಗನ್ನಡಿ ತಂದು, ಬುಡದಿಂದ ತುದಿಯವರೆಗೆ ನೋಡಿದರು. ಮಗುಚಿ ಇನ್ನೊಂದು ಬದಿ ನೋಡಿದರು. ಒಂದು ಹಳ್ಳವಿಲ್ಲ, ಒಂದು ಗೀರಿಲ್ಲ. ಸಾಣೆ ಮೇಜಿನ ಮೇಲೆ ಸಿಕ್ಕಿದ್ದರೆ ಎರಡನೇ ಯೋಚನೆ ಮಾಡದೆ ಬರೆಯುತ್ತಿದ್ದರು: ಬಳಸಿಲ್ಲ.

"ಪಟ್ಟಿ ಕೊಯ್ದಮೇಲೆ ಯಾರಾದ್ರೂ ಇದನ್ನ ಮಸೆದ್ರಾ?"

"ಇಲ್ಲ ಮೇಸ್ತ್ರಿ. ಒರೆಸಿ ಇಟ್ಟೆ, ಅಷ್ಟೇ."

"ಪಟ್ಟಿ ಕೊಯ್ದ್ರೆ ಏನೂ ಕಾಣಲ್ಲ ಮಾವ" ಎಂದಳು ಸೊಸೆ. ಅವಳಿಗೆ ಅದು ದಿನದ ಕೆಲಸ. "ದಿನಕ್ಕೆ ಇನ್ನೂರು ಕೊಯ್ತೀನಿ, ನನ್ನ ಚಾಕು ಹೊಸದರ ಥರಾನೇ ಇರುತ್ತೆ." ಅವಳು ಮೇಜಿನ ಮೇಲಿದ್ದ ಸಣ್ಣ ಚಾಕುವನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಹಿಡಿಯನ್ನು ಸವರಿದಳು. "ಇಲ್ಲಿ ಮರದ ಮೇಲೆ ಇದೇನು, ತಗ್ಗು ತಗ್ಗು?"

ಮೇಸ್ತ್ರಿ ನೋಡಿದರು. ಭೂತಗನ್ನಡಿ ಬೇಕಿರಲಿಲ್ಲ. ಹಿಡಿಯ ಒಂದು ಬದಿಯಲ್ಲಿ ನಾಲ್ಕು, ಇನ್ನೊಂದು ಬದಿಯಲ್ಲಿ ಮೂರು. ಮೇಲಿನ ಸಾಲು, ಕೆಳಗಿನ ಸಾಲು. ಒಂದು ಕೈ ಆಗದವನು ಹಿಡಿಯನ್ನು ಬಾಯಲ್ಲಿ ಕಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಅಲಗು ಎಳೆಯಲು ಹೆಣಗಿದ್ದ.

"ಪೆಟ್ಟಿಗೆಯಲ್ಲಿ ಉಜ್ಜಿರಬೇಕು" ಎಂದರು.

ಸುಳ್ಳು ಎಂದು ಡ್ರೈವರ್‌ಗೆ ಗೊತ್ತಾಯಿತು. ಅದು ಯಾವ ಪೆಟ್ಟಿಗೆಯಲ್ಲೂ ಇರಲಿಲ್ಲ. ಅವನು ತಲೆ ತಗ್ಗಿಸಿ ತನ್ನ ಚಾಕು ತೆಗೆದುಕೊಂಡು ಎದ್ದ.

ಅವನು ಹೋದಮೇಲೆ ಸೊಸೆ ಕೇಳಿದಳು: "ದೊಡ್ಡ ಚಾಕು ಇತ್ತಲ್ಲ ಮಾವ, ಅದನ್ಯಾಕೆ ಬಿಟ್ಟುಹೋದ್ರು?"

ಮೇಸ್ತ್ರಿ ಎದ್ದು ಕೊಳಾಯಿ ಬಿಗಿಯಾಗಿ ತಿರುಗಿಸಿದರು.

ಸೋಮವಾರ ಸಮಿತಿಯ ಕೋಣೆಯಲ್ಲಿ ಐದು ಜನರಿದ್ದರು. ಪುಸ್ತಕ ಮೇಜಿನ ನಡುವೆ ಇತ್ತು. ಅಧ್ಯಕ್ಷರು ಕನ್ನಡಕ ಏರಿಸಿ, ಇಂಥ ಕೆಲಸವನ್ನು ಯಾವ ಕಚೇರಿಯೂ ಮಾಡಿಲ್ಲ ಎಂದು ಹೊಗಳಿದರು. ನೂರಕ್ಕೆ ಅರವತ್ತು ಚಾಕು ಒರೆ ಬಿಟ್ಟು ಹೊರಗೇ ಬಂದಿಲ್ಲ, ಅಲ್ಲವೇ?

"ಅದು ತಪ್ಪು ಸಾರ್" ಎಂದರು ಮೇಸ್ತ್ರಿ.

"ಏನು ತಪ್ಪು? ಲೆಕ್ಕವೇ?"

"ಲೆಕ್ಕ ಸರಿ. ಪದ ತಪ್ಪು. ಗಟ್ಟಿ ವಸ್ತುವಿಗೆ ತಾಗಿದ್ರೆ ಮಾತ್ರ ಅಲಗಿನಲ್ಲಿ ಗುರುತು ಉಳಿಯುತ್ತೆ. ಹಗ್ಗ, ಪಟ್ಟಿ, ಬಟ್ಟೆ ಕೊಯ್ದ್ರೆ ಉಳಿಯಲ್ಲ. ಜೀವ ಉಳಿಸಿದ ಚಾಕು ನನ್ನ ಹತ್ರ ಹೊಸದರಂತೆ ಬಂದಿದೆ. ಅಂಥವಕ್ಕೂ ನಾನು 'ಬಳಸಿಲ್ಲ' ಅಂತಲೇ ಬರೆದಿರ್ತೀನಿ."

"ಅಂಥವು ಎಷ್ಟು?"

"ಗೊತ್ತಿಲ್ಲ."

ಅಧ್ಯಕ್ಷರ ಪಕ್ಕದಲ್ಲಿದ್ದವರು ಮೆಲ್ಲಗೆ ಕೇಳಿದರು: "ಮೇಸ್ತ್ರಿ, ಬೇಜಾರು ಮಾಡ್ಕೋಬೇಡಿ. ಇದು ನಿಮ್ಮ ಕಸುಬಿನ ಮಾತಾ, ಅಥವಾ ಮಗನ ದುಃಖದ ಮಾತಾ?"

"ಕಸುಬಿನದು. ದುಃಖದ ಮಾತು ಇನ್ನೂ ಆಡಿಲ್ಲ" ಎಂದು ಮೇಸ್ತ್ರಿ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡರು. ಕೊನೆಯ ಪುಟದ ಒಟ್ಟು ಲೆಕ್ಕದಲ್ಲಿ ಸಾವಿರದ ನಾನೂರ ಆರರ ಮುಂದಿದ್ದ 'ಬಳಸಿಲ್ಲ' ಎಂಬ ಪದವನ್ನು ಹೊಡೆದು 'ಗೊತ್ತಿಲ್ಲ' ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿದರು. ನಂತರ ತಮ್ಮ ಮಗ ಚಾಕು ಬದಲಿಸಿದ್ದು ಯಾರ ಮಾತು ಕೇಳಿ ಎಂಬುದನ್ನೂ ಹೇಳಿದರು. ಗುಮಾಸ್ತ ಬರೆದುಕೊಳ್ಳುತ್ತಿದ್ದವನು ಪೆನ್ನು ನಿಲ್ಲಿಸಿದ. "ಬರ್ಕೊಳ್ಳಪ್ಪ" ಎಂದರು ಮೇಸ್ತ್ರಿ.

ಸಮಿತಿ ತೀರ್ಮಾನವನ್ನು ಮುಂದಕ್ಕೆ ಹಾಕಿತು. ನಾನೂರ ಮೂವತ್ತು ಗ್ರಾಂ ಆಗಲೂ ನಾನೂರ ಮೂವತ್ತು ಗ್ರಾಂ ಆಗಿಯೇ ಇತ್ತು.

ಅವರು ಮನೆಗೆ ಬಂದಾಗ ಸೊಸೆ ಆಗಷ್ಟೇ ಕಾರ್ಖಾನೆಯಿಂದ ಬಂದಿದ್ದಳು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಮೇಸ್ತ್ರಿ ಚಪ್ಪಲಿ ಬಿಡುವ ಮೊದಲೇ ಹೇಳಿದರು. ನಿಂತುಕೊಂಡೇ ಎಲ್ಲ ಹೇಳಿದರು: ಪುಸ್ತಕ ತೋರಿಸಿದ್ದು, ಅವನು ನಕ್ಕದ್ದು, ಸ್ಪ್ರಿಂಗ್ ಬಿಗಿ ಮಾಡಿದ್ದು, ಆ ತಗ್ಗುಗಳು ಯಾವುವು ಎಂಬುದು.

ಸೊಸೆ ಅಳಲಿಲ್ಲ. ಒಳಗೆ ಹೋಗಿ ಚಾಕು ತಂದಳು.

"ತೆರೀರಿ ಮಾವ."

ಮೇಸ್ತ್ರಿ ಬಲಗೈ ಚಾಚಿದರು.

"ಎಡಗೈಲಿ. ಒಂದೇ ಕೈ."

ಅವರು ತೆಗೆದುಕೊಂಡರು. ಹಿಡಿಯನ್ನು ಅಂಗೈಗೆ ಒತ್ತಿ, ಹೆಬ್ಬೆರಳಿನ ಉಗುರನ್ನು ಗೀರಿಗೆ ಹಾಕಿ ತಳ್ಳಿದರು. ಅಲಗು ಅಲುಗಲಿಲ್ಲ. ಮೂವತ್ತೆಂಟು ವರ್ಷ ಕಬ್ಬಿಣ ಹಿಡಿದ ಕೈ ಅದು. ಚಾಕುವನ್ನು ತೊಡೆಗೆ ಒತ್ತಿ ನೋಡಿದರು. ಮೇಜಿನ ಅಂಚಿಗೆ ಒತ್ತಿ ನೋಡಿದರು. ಉಗುರು ಮುರಿದು ರಕ್ತ ಬಂತು. ಅಲಗು ಕೂದಲಿನಷ್ಟು ಎದ್ದು ಮತ್ತೆ ಟಕ್ಕೆಂದು ಒಳಗೆ ಕೂತಿತು. ಕೆಲಸ ಅಷ್ಟು ಚೆನ್ನಾಗಿತ್ತು.

ಆಮೇಲೆ ಬೇರೆ ದಾರಿ ಕಾಣದೆ ಅವರು ಹಿಡಿಯನ್ನು ಬಾಯಿಗೆ ತಂದರು. ಮರದ ಮೇಲಿನ ತಗ್ಗುಗಳು ತುಟಿಗೆ ತಾಗಿದವು.

"ಸಾಕು" ಎಂದಳು ಸೊಸೆ. ಚಾಕುವನ್ನು ಅವರ ಕೈಯಿಂದ ಬಿಡಿಸಿಕೊಂಡಳು. "ಸಾಕು ಮಾವ, ಕೂತ್ಕೊಳ್ಳಿ. ಬೆರಳು ತೋರಿಸಿ."