ಇನಾಮದಾರರ ಶಿಕ್ಕಾ

ನಾನು ಒಂದು ರಬ್ಬರ್ ಸ್ಟಾಂಪು. ಹುಬ್ಬಳ್ಳಿಯ ಜನ ನನ್ನನ್ನು ಶಿಕ್ಕಾ ಎನ್ನುತ್ತಾರೆ, ನನಗೂ ಆ ಹೆಸರೇ ಇಷ್ಟ. ಸ್ಟಾಂಪು ಎಂದರೆ ಲಕೋಟೆಗೆ ಅಂಟಿಸುವ ಚೀಟಿಯ ನೆನಪಾಗುತ್ತದೆ. ಶಿಕ್ಕಾ ಎಂದರೆ ಒಂದು ಗತ್ತು ಇದೆ.

ನಾನು ಹುಟ್ಟಿದ್ದು ದುರ್ಗದ ಬೈಲಿನ ಹತ್ತಿರ ಒಂದು ಚಿಕ್ಕ ಅಂಗಡಿಯಲ್ಲಿ. ಅಂಗಡಿಯವನು ಸಾಗವಾನಿಯ ಹಿಡಿಕೆಯನ್ನು ಉಜ್ಜಿ ನುಣುಪು ಮಾಡಿ, ಅದರ ಬುಡಕ್ಕೆ ದುಂಡನೆಯ ರಬ್ಬರನ್ನು ಅಂಟಿಸಿದ. ನನ್ನ ಮುಖದ ತುಂಬ ತಿರುಗುಮುರುಗಾದ ಅಕ್ಷರಗಳಿದ್ದವು. ಯಾರಿಗೂ ಓದಲು ಬಾರದ ಈ ಮುಖ ಹೊತ್ತು ಹೇಗಪ್ಪಾ ಬಾಳುವುದು ಎಂದು ನನಗೆ ದಿಗಿಲಾಗಿತ್ತು. ಆದರೆ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿದಾಗ 'ಪ್ರಹ್ಲಾದ ಇನಾಮದಾರ, ಆರ್ಕಿಟೆಕ್ಟ್, ಹುಬ್ಬಳ್ಳಿ' ಎಂದು ಸ್ಪಷ್ಟವಾಗಿ ಮೂಡಿತು. ಆ ಸಂತೋಷವನ್ನು ನಾನು ಇಂದಿಗೂ ಮರೆತಿಲ್ಲ.

ಇನಾಮದಾರರು ತೆಳ್ಳಗಿನ, ಮಿತಭಾಷಿ ಮನುಷ್ಯ. ಕಟ್ಟಡದ ನಕ್ಷೆ ಬರೆಯುವುದು ಅವರ ಅರ್ಧ ಕೆಲಸ. ಇನ್ನರ್ಧ ಕೆಲಸಕ್ಕೆ ನಾನು ಬೇಕಿತ್ತು. ಕಟ್ಟಿಸುವ ಸಾಹುಕಾರ ಒಂದು ಕಡೆ, ಕಟ್ಟುವ ಗುತ್ತಿಗೆದಾರ ಇನ್ನೊಂದು ಕಡೆ. ಇಷ್ಟು ಕೆಲಸ ಆಗಿದೆ, ಇದಕ್ಕೆ ಇಷ್ಟು ಹಣ ಕೊಡಬಹುದು ಎಂದು ಇನಾಮದಾರರು ಸರ್ಟಿಫಿಕೇಟು ಬರೆದು, ಸಹಿ ಮಾಡಿ, ನನ್ನನ್ನು ಒತ್ತಿದರೆ ಮಾತ್ರ ಗುತ್ತಿಗೆದಾರನಿಗೆ ಹಣ ಸಿಗುತ್ತಿತ್ತು. ಸಾಹುಕಾರನಿಗೆ ಅದು ಯಾವಾಗಲೂ ಹೆಚ್ಚು, ಗುತ್ತಿಗೆದಾರನಿಗೆ ಯಾವಾಗಲೂ ಕಡಿಮೆ. ಎರಡೂ ಕಡೆ ಬೈಸಿಕೊಂಡ ದಿನ ಇನಾಮದಾರರು ನೆಮ್ಮದಿಯಾಗಿ ಊಟ ಮಾಡುತ್ತಿದ್ದರು.

ಅವರದೊಂದು ವಿಚಿತ್ರ ಪದ್ಧತಿ ಇತ್ತು. ಆಫೀಸಿನ ಮೇಜಿನ ಮೇಲೆ ನನ್ನನ್ನು ಎಂದೂ ಒತ್ತುತ್ತಿರಲಿಲ್ಲ. ಚರ್ಮದ ಚೀಲದಲ್ಲಿ ನನ್ನನ್ನೂ ಮಸಿಯ ಡಬ್ಬಿಯನ್ನೂ ಹಾಕಿಕೊಂಡು ಕಟ್ಟಡಕ್ಕೆ ಹೋಗುತ್ತಿದ್ದರು. ಇಡೀ ಕೆಲಸ ನೋಡಿ, ಕೊನೆಗೆ ಹೊಸ ಗೋಡೆಗೇ ಕಾಗದ ಆನಿಸಿ ನನ್ನನ್ನು ಒತ್ತುತ್ತಿದ್ದರು. "ಗ್ವಾಡಿ ಮುಂದ ಸುಳ್ಳು ಒತ್ತಲಿಕ್ಕೆ ಕೈ ಬರೂದಿಲ್ಲ" ಎನ್ನುತ್ತಿದ್ದರು. ಆಹಾ, ಎಂಥ ದಿನಗಳವು! ಗೋಡೆಗೆ ಮೆತ್ತಿ ನೀರು ಕುಡಿಸಿದ ಹೊಸ ಗಿಲಾವಿನ ತಂಪು ವಾಸನೆ, ಗೋಡೆ ಕಟ್ಟುವ ಗೌಂಡಿಗಳ ಹರಟೆ, ಬಸಿಯಲ್ಲಿ ಸುರಿದುಕೊಂಡು ಹೀರುವ ಚಹಾದ ಸದ್ದು. ನಾನು ಒತ್ತಿದ ಮೇಲೆ ಎಲ್ಲರ ಮುಖ ಅರಳುತ್ತಿತ್ತು, ಏಕೆಂದರೆ ಶನಿವಾರದ ಕೂಲಿಯ ಬಟವಡೆ ಖಾತ್ರಿಯಾಗುತ್ತಿತ್ತು.

ಹೀಗಿರುವಾಗ ನೀಲಾ ಟಾಕೀಸಿನ ಕೆಲಸ ಬಂತು. ಕಟ್ಟಿಸುವವರು ಅರಳೆ ವ್ಯಾಪಾರಿ ಮುರಿಗೆಪ್ಪ ಶೆಟ್ಟರು, ಇನಾಮದಾರರ ಬಾಲ್ಯದ ಗೆಳೆಯ. ಒಂದೇ ಬೆಂಚಿನಲ್ಲಿ ಕುಳಿತು ಓದಿದವರು, 'ಮುರಿಗ್ಯಾ' 'ಪಲ್ಲ್ಯಾ' ಎಂದು ಕರೆದುಕೊಳ್ಳುವವರು. ಶೆಟ್ಟರಿಗೆ ತೀರಿಹೋದ ತಾಯಿ ನೀಲಮ್ಮನ ಹೆಸರಿನಲ್ಲಿ ಸಿನಿಮಾ ಮಂದಿರ ಆಗಬೇಕೆಂಬ ಆಸೆ. ಗುತ್ತಿಗೆ ಹಿಡಿದವನು ರಾಜೇಸಾಬ. ಅವನು ಗೌಂಡಿಯಾಗಿ ದುಡಿದು, ಸಾಲ ಮಾಡಿ ಕಾಂಕ್ರೀಟು ಕಲಸುವ ಒಂದು ಮಿಕ್ಸರ್ ಕೊಂಡು, ಆಗಷ್ಟೇ ಗುತ್ತಿಗೆದಾರ ಎನಿಸಿಕೊಂಡಿದ್ದ.

ಗೋಡೆ ಎದ್ದವು, ಮಾಡು ಕೂತಿತು, ಗಿಲಾವು ಮುಗಿಯಿತು. ಅಷ್ಟರಲ್ಲಿ ಮುಂಬಯಿಯಿಂದ ಬರಬೇಕಾದ ಪ್ರೊಜೆಕ್ಟರಿನ ಬೆಲೆ ಏರಿ ಶೆಟ್ಟರ ಕೈ ಬಿಗಿಯಾಯಿತು. ಅದೇ ಹೊತ್ತಿಗೆ ಪರದೆಯ ಪಕ್ಕದ ಗೋಡೆಯ ಗಿಲಾವಿನಲ್ಲಿ ಕೂದಲೆಳೆಯಂಥ ಬಿರುಕು ಕಂಡವು. ಶೆಟ್ಟರು ಆಫೀಸಿಗೆ ಬಂದು ಕುಳಿತರು.

"ಪಲ್ಲ್ಯಾ, ಈ ಸಲ ಶಿಕ್ಕಾ ಒತ್ತಬ್ಯಾಡ. ಬಿರುಕು ಬಿಟ್ಟೈತಿ ಅಂತ ಬರದ ಬಿಡು. ಪ್ರೊಜೆಕ್ಟರ್ ಬಂದ ಮ್ಯಾಲೆ ನೋಡೂಣು."

"ಬಿರುಕಿನಷ್ಟ ರೊಕ್ಕಾ ಕಡದೀನೋ. ಉಳದದ್ದು ಅವ ಮಾಡಿದ ಕೆಲಸ. ಅದಕ್ಕ ಒತ್ತಬೇಕು."

"ನಿನಗ ಫೀ ಕೊಡಾಂವ ನಾನು. ನೀ ನನ್ನ ಕಡೆಯಾಂವ ಅಲ್ಲೇನು?"

"ನಿನ್ನ ಗೆಳೆಯ ಹೌದು. ಇದರಾಗ ಯಾರ ಕಡೆಯಾಂವನೂ ಅಲ್ಲ."

ಶೆಟ್ಟರು ನಕ್ಕರು. ನಗುತ್ತಲೇ ಮೇಜಿನ ಮೇಲಿದ್ದ ನನ್ನನ್ನು ಎತ್ತಿ ತಮ್ಮ ಕೋಟಿನ ಒಳಕಿಸೆಗೆ ಇಳಿಸಿದರು. "ಹಂಗಾರ ಇದು ನನ್ನ ಹತ್ರ ಇರ್ಲಿ" ಎಂದು ಮೆಟ್ಟಿಲಿಳಿದು ಹೊರಟೇಬಿಟ್ಟರು. ಸಂಜೆಗೆ ತಂದುಕೊಡುತ್ತಾನೆ ಎಂದು ಇನಾಮದಾರರು ಹಿಂದೆ ಹೋಗಲಿಲ್ಲ. ನಾನೂ ಹಾಗೇ ಅಂದುಕೊಂಡಿದ್ದೆ.

ಸಂಜೆ ಬಂತು, ವಾರವೂ ಕಳೆಯಿತು. ಅಡಿಕೆ, ಜರ್ದಾದ ವಾಸನೆಯ ಆ ಕತ್ತಲ ಕಿಸೆಯಲ್ಲಿ ನಾನು ಕೊಳೆಯುತ್ತ ಬಿದ್ದಿದ್ದೆ. ಇನಾಮದಾರರು ಬರಿಯ ಸಹಿ ಮಾಡಿ ಸರ್ಟಿಫಿಕೇಟು ಕೊಟ್ಟರು. ಕರಾರಿನಲ್ಲಿ ಸಹಿಯೂ ಬೇಕು, ಶಿಕ್ಕಾವೂ ಬೇಕು ಎಂದಿದೆ, ಇದು ನಡೆಯುವುದಿಲ್ಲ ಎಂದು ಶೆಟ್ಟರು ಅದನ್ನು ಹಿಂದಕ್ಕೆ ಕಳಿಸಿದರು. ಇನ್ನೊಂದು ಶಿಕ್ಕಾ ಮಾಡಿಸಿರೆಂದು ರಾಜೇಸಾಬ ಅಂಗಲಾಚಿದನಂತೆ. ಆದರೆ ಕರಾರಿನ ಮೊದಲ ಪುಟದಲ್ಲಿ ನಮೂನೆಗೆಂದು ಒತ್ತಿದ್ದು ನನ್ನದೇ ಮುಖ. ಬೇರೆಯದು ಒತ್ತಿದ್ದರೆ ಅದಕ್ಕೂ ತಕರಾರು ಏಳುತ್ತಿತ್ತು. ಬಟವಡೆ ನಿಂತು ಗೌಂಡಿಗಳು ಬೇರೆ ಕೆಲಸ ಹುಡುಕಿಕೊಂಡರು. ರಾಜೇಸಾಬ ಮಿಕ್ಸರ್ ಮಾರಲು ಗಿರಾಕಿ ನೋಡತೊಡಗಿದ. ಅದು ಹೋದರೆ ಅವನು ಮತ್ತೆ ಕೂಲಿ ಗೌಂಡಿಯೇ. ಈ ಸುದ್ದಿಯನ್ನೆಲ್ಲ ನಾನು ಶೆಟ್ಟರ ಎದೆಯ ಮೇಲೇ ಮಲಗಿ ಕೇಳಿದೆ. ನನಗೆ ಬಾಯಿ ಇದ್ದಿದ್ದರೆ ಕೂಗಿಕೊಳ್ಳುತ್ತಿದ್ದೆ.

ಕೊನೆಗೆ ವ್ಯಾಜ್ಯ ಮಧ್ಯಸ್ಥರ ಮುಂದೆ ಹೋಯಿತು. ನಿವೃತ್ತ ಎಂಜಿನಿಯರ್ ಹೊಸಮನಿಯವರು ಎರಡೂ ಕಡೆಯವರು ಒಪ್ಪಿದ ಮಧ್ಯಸ್ಥರು. ಇನಾಮದಾರರು ಕೇಳಿಕೊಂಡಿದ್ದು ಒಂದೇ, ವಿಚಾರಣೆ ಟಾಕೀಸಿನ ಗೋಡೆಯ ಮುಂದೆಯೇ ಆಗಲಿ ಎಂದು. ಕುರ್ಚಿಗಳು ಇನ್ನೂ ಬಂದಿರಲಿಲ್ಲ. ಎಲ್ಲರೂ ಸಿಮೆಂಟಿನ ಚೀಲಗಳ ಮೇಲೆ ಕುಳಿತರು.

ಹೊಸಮನಿಯವರು ಬಿರುಕು ನೋಡಿದರು, ಸರ್ಟಿಫಿಕೇಟು ನೋಡಿದರು. "ಬಿರುಕಿಂದು ಕಡದೀರಿ, ಲೆಕ್ಕ ಬರೋಬ್ಬರಿ ಐತಿ. ಆದ್ರ ಶಿಕ್ಕಾ ಯಾಕ ಇಲ್ರಿ?"

"ಅದು ಎಲ್ಲಿ ಅದ ಅಂತ ನನಗ ಗೊತ್ತದರಿ" ಎಂದರು ಇನಾಮದಾರರು. "ಆದ್ರ ನಾ ಹೇಳೂದಿಲ್ಲ. ನನ್ನ ಗೆಳೆಯ ಇಲ್ಲೇ ಇದ್ದಾನ. ಈ ಗ್ವಾಡಿ ಮ್ಯಾಲೆ ಅವರವ್ವನ ಹೆಸರು ಬರೀತಾರ. ಅದರ ಮುಂದ ಅವನೇ ಹೇಳ್ಲಿ."

ಶೆಟ್ಟರ ಎದೆ ನನ್ನ ಬೆನ್ನಿಗೆ ಧಡಧಡ ಬಡಿಯುವುದು ನನಗೊಬ್ಬನಿಗೇ ಕೇಳುತ್ತಿತ್ತು. ಆಮೇಲೆ ಒಂದು ಬೆವೆತ ಕೈ ಒಳಗೆ ಬಂದು ನನ್ನನ್ನು ಹೊರಗೆ ತೆಗೆಯಿತು.

"ನನ್ನ ಕಡೇನ ಐತ್ರಿ" ಎಂದರು ಶೆಟ್ಟರು, ತಲೆ ತಗ್ಗಿಸಿ.

"ಕಿಸೆದಾಗ ಶಿಕ್ಕಾ ಇಟ್ಕೊಂಡು ಶಿಕ್ಕಾ ಇಲ್ಲ ಅನ್ನಾಕ ಬರೂದಿಲ್ರಿ, ಸಾವ್ಕಾರ್ರ. ರೊಕ್ಕಾ ಕೊಡ್ರಿ" ಎಂದರು ಹೊಸಮನಿಯವರು.

ಇನಾಮದಾರರು ಧೋತರದ ಚುಂಗಿನಿಂದ ನನ್ನ ಮುಖ ಒರೆಸಿ, ಮಸಿ ಹಚ್ಚಿ, ಅದೇ ಗೋಡೆಗೆ ಕಾಗದ ಆನಿಸಿ ಒತ್ತಿದರು. ರಾಜೇಸಾಬನ ಕಣ್ಣಲ್ಲಿ ನೀರು. ಆದರೂ ಅವನು ಸುಮ್ಮನಿರಲಿಲ್ಲ, "ಬಿರುಕಿಂದು ಭಾಳ ಕಡದೀರಿ ಸಾಹೇಬ್ರ" ಎಂದು ಗೊಣಗಿದ. "ಬಿರುಕು ತಿದ್ದು, ಕಡದದ್ದು ಮುಂದಿನ ಸಲ ಕೊಡ್ತೀನಿ" ಎಂದು ಇನಾಮದಾರರು ನನ್ನನ್ನು ಚೀಲಕ್ಕೆ ಹಾಕಿಕೊಂಡರು. ಮಿಕ್ಸರ್ ಉಳಿಯಿತು, ಟಾಕೀಸು ಮುಗಿಯಿತು. ಗೆಳೆತನ ಮಾತ್ರ ಅಲ್ಲಿಗೇ ನಿಂತುಹೋಯಿತು.

ಟಾಕೀಸು ಶುರುವಾದ ದಿನ ಶೆಟ್ಟರು ಬಾಲ್ಕನಿಯ ಪಾಸು ಕಳಿಸಿದ್ದರು, ಆಳಿನ ಕೈಯಲ್ಲಿ. ಮುರಿಗ್ಯಾ ತಾನೇ ಬಂದು ಕರೆದಿದ್ದರೆ ಹೋಗುತ್ತಿದ್ದೆ ಎಂದು ಇನಾಮದಾರರು ಹೆಂಡತಿಯ ಮುಂದೆ ಹೇಳಿದ್ದನ್ನು ನಾನು ಚೀಲದೊಳಗಿಂದ ಕೇಳಿದೆ. ಹಾಗೇ ವರ್ಷಗಳು ಸರಿದವು. ಪೇಟೆಯಲ್ಲಿ ಎದುರಾದರೆ ಇಬ್ಬರೂ ಅಂಗಡಿಯ ಬೋರ್ಡು ಓದುತ್ತ ದಾಟಿಹೋಗುತ್ತಿದ್ದರು. ಒಮ್ಮೆ ಮಾತ್ರ ಇನಾಮದಾರರು ಟಾಕೀಸಿನ ಹಿಂದಿನ ಓಣಿಯಲ್ಲಿ ನಿಂತು, ಒಳಗಿನಿಂದ ಬರುವ ಹಾಡು ಕೇಳುತ್ತ, ಗೋಡೆಯ ಮೇಲೆ ಅಂಗೈ ಇಟ್ಟುಕೊಂಡಿದ್ದರು. ನನಗೆ ಅಳು ಬಂದಂತಾಯಿತು.

ವಯಸ್ಸಾಗಿ ಇನಾಮದಾರರ ಕೈ ನಡುಗತೊಡಗಿದಾಗ ಆಫೀಸು ಮಗಳು ವೈಜಯಂತಿಯದಾಯಿತು. ಅವಳದು ತಾನೇ ಮಸಿ ಉಗುಳುವ ಹೊಸ ಪ್ಲಾಸ್ಟಿಕ್ ಶಿಕ್ಕಾ. ನಾನು ಡ್ರಾಯರಿನ ಮೂಲೆ ಸೇರಿದೆ. ಒಂದು ಮಳೆಗಾಲ ಇನಾಮದಾರರೂ ಹೋಗಿಬಿಟ್ಟರು.

ದಿನಕರ್ಮಗಳು ಮುಗಿದ ಮೇಲೆ ಕೋಲೂರಿಕೊಂಡು ಮುದುಕರೊಬ್ಬರು ಬಂದರು. ನಾನು ದನಿಯಿಂದ ಗುರುತು ಹಿಡಿದೆ.

"ತಂಗಿ, ನಿಮ್ಮಪ್ಪಂದು ಹಳೇ ಶಿಕ್ಕಾ ಐತೇನವಾ?"

ವೈಜಯಂತಿ ನನ್ನನ್ನು ಹುಡುಕಿ ತೆಗೆದಳು. "ಇದರಿಂದ ಇನ್ನ ಏನೂ ಆಗೂದಿಲ್ಲ ಕಾಕಾ. ರಬ್ಬರ್ ಎಲ್ಲಾ ಸವದು ಹೋಗೇದ."

"ಇರ್ಲಿ. ಒಮ್ಮೆ ಕೇಳದ ಒಯ್ದಿದ್ದೆ. ಈಗ ಕೇಳಿ ಒಯ್ಯಾಕ ಬಂದೀನಿ."

ಅವಳು ಎರಡೂ ಕೈಯಿಂದ ನನ್ನನ್ನು ಕೊಟ್ಟಳು. ಮತ್ತೆ ಅದೇ ಅಡಿಕೆ, ಜರ್ದಾದ ವಾಸನೆ, ಅದೇ ಎಡಗಡೆಯ ಒಳಕಿಸೆ. ಈಗ ನೀಲಾ ಟಾಕೀಸಿನಲ್ಲಿ ಆಟ ನಡೆಯುವುದಿಲ್ಲ, ಗೋಡೆಗಳು ಮಾತ್ರ ಗಟ್ಟಿಯಾಗಿವೆ. ಶೆಟ್ಟರು ದಿನಾ ಸಂಜೆ ಹೋಗಿ ಮುಚ್ಚಿದ ಟಿಕೆಟಿನ ಕಿಟಕಿಯ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಾರೆ. ನನ್ನ ಮುಖದ ಮೇಲೆ ಈಗ ಅಕ್ಷರಗಳಿಲ್ಲ, ಒತ್ತಿದರೆ ಬರಿಯ ದುಂಡು ಮಸಿ. ಆದರೂ ಅವರು ಆಗಾಗ ಒಳಗೆ ಕೈಹಾಕಿ ನನ್ನನ್ನು ಹಿಡಿದುಕೊಂಡು, "ಪಲ್ಲ್ಯಾ, ಗ್ವಾಡಿ ಇನ್ನೂ ಛಲೋ ಅದಾವೋ" ಎನ್ನುತ್ತಾರೆ.