ಮಂಗಗಳ ಗಾಡಿ

ಅನೀಸಾ ಮತ್ತು ಅವಳ ಗಂಡ ಇಸ್ರಾರ್ ಕೊಪ್ಪದ ಬಾಡಿಗೆ ಮನೆ ಬಿಟ್ಟು ಬಸರೀಕಟ್ಟೆ ಹತ್ತಿರದ ಒಂದೆಕರೆಗೆ ಬಂದು ನಾಲ್ಕು ವರ್ಷವಾಗಿತ್ತು. ಗದ್ದೆಯ ಅಕ್ಕಿ, ಹಿತ್ತಿಲ ತರಕಾರಿ, ಮನೆಯ ಕೋಳಿಯ ಮೊಟ್ಟೆ. ಅಂಗಡಿಯಿಂದ ಉಪ್ಪು, ಎಣ್ಣೆ, ಚಾಪುಡಿ ಬಂದರೆ ಸಾಕಿತ್ತು. ತಾನೇ ಬೆಳೆದದ್ದನ್ನು ನೆಂಟರಿಗೆ ಬಡಿಸುವಾಗ ಅನೀಸಾಳಿಗೆ ಒಂದಿಷ್ಟು ಜಂಬವೂ ಇತ್ತು.

ಮೂರನೆಯ ವರ್ಷ ಮಂಗಗಳು ಬಂದವು. ಮೊದಲು ಬಾಳೆಗೊನೆ, ಆಮೇಲೆ ಬದನೆ, ಸೌತೆ, ಕೊನೆಗೆ ಹಾಲು ತುಂಬಿದ ಭತ್ತದ ತೆನೆ. ಡಬ್ಬ ಬಡಿದರು, ಪಟಾಕಿ ಹೊಡೆದರು, ನಾಯಿ ಸಾಕಿದರು. ಗಡವ ಮಂಗವೊಂದು ನಾಯಿಯ ಕಿವಿಯನ್ನೇ ಹರಿದುಹಾಕಿತು. ಅನೀಸಾ ಬೆಳಗಿನಿಂದ ಕವಣೆ ಹಿಡಿದು ಕಾಯುತ್ತಿದ್ದಳು. ಅನ್ನಕ್ಕಿಡಲು ಒಳಗೆ ಹೋದ ಅರ್ಧ ಗಂಟೆಯಲ್ಲಿ ಅವು ಕೆಲಸ ಮುಗಿಸಿರುತ್ತಿದ್ದವು.

ಈ ಸಲ ನಾಟಿ ಮುಗಿದ ಮೇಲೆ ಮಂಗ ಹಿಡಿಯುವವನನ್ನು ಕರೆಸಿದರು. ಎರಡು ದಿನದಲ್ಲಿ ಮೂವತ್ತೆರಡು ಮಂಗಗಳು ಬೋನಿಗೆ ಬಿದ್ದವು.

“ಎಲ್ಲಿ ಬಿಡ್ತೀರಿ?” ಅನೀಸಾ ಕೇಳಿದಳು.

“ದೂರ, ಕಾಡಲ್ಲಿ,” ಅಂದ.

ಜೊತೆಗೆ ಹೋಗಿದ್ದ ಇಸ್ರಾರ್ ಸಂಜೆ ಬಂದು ಜಗಲಿಯಲ್ಲಿ ಕುಸಿದು ಕೂತ. “ಎಂತ ಕಾಡು ಮಾರಾಯ್ತಿ! ಕಮ್ಮರಡಿ ದಾಟಿ ಒಂದು ತಿರುವಲ್ಲಿ ಬಿಟ್ಟ. ಕೆಳಗೆ ಯಾರದ್ದೋ ಗದ್ದೆ ಇತ್ತು.”

ಕೆಲವು ವಾರದಲ್ಲಿ ಸೌತೆ ಹೂಬಿಟ್ಟು ಮಿಡಿ ಕಟ್ಟಿತು. ಗಂಡನ ಮಾತು ಅನೀಸಾಳಿಗೆ ನಿಧಾನಕ್ಕೆ ಮರೆತುಹೋಯಿತು.

ಒಂದು ಮಧ್ಯಾಹ್ನ ಮೇಲಿನ ರಸ್ತೆಯಲ್ಲಿ ಪಿಕಪ್ ನಿಂತಿತು. ಅನೀಸಾ ನೋಡಿದರೆ, ಯಾರೋ ಹಿರಿಯರೊಬ್ಬರು ಬೋನಿನ ಬಾಗಿಲು ತೆಗೆಯುತ್ತಿದ್ದಾರೆ.

“ಅಯ್ಯೋ, ಬಿಡಬೇಡಿ! ಇಲ್ಲಿ ನಮ್ಮ ಗದ್ದೆ ಉಂಟು!”

ಅವಳು ರಸ್ತೆಬದಿಯ ದರೆ ಹತ್ತಿ ಓಡುವಷ್ಟರಲ್ಲಿ ಬೋನು ಖಾಲಿ. ಕಡೆಯದಾಗಿ ತಾಯಿ ಮಂಗವೊಂದು ಮರಿಯನ್ನು ಹೊಟ್ಟೆಗೆ ಅವಚಿಕೊಂಡು ಹಲಸಿನ ಮರ ಏರುತ್ತಿತ್ತು.

“ಎಂತ ಮಾಡೂದು ತಂಗಿ,” ಅವರು ತಲೆ ತಗ್ಗಿಸಿದರು. “ನಮ್ಮಲ್ಲಿ ಒಂದು ಕಾಯಿ ಉಳೀಲಿಲ್ಲ. ಎಲ್ಲಾದ್ರೂ ಬಿಡ್ಲೇಬೇಕಲ್ಲ. ನಿಮ್ಮಲ್ಲಿದ್ದ ಮಂಗಗಳನ್ನ ನೀವು ಎಂತ ಮಾಡಿದ್ರಿ?”

ಗಾಡಿ ತಿರುಗಿಸಲು ಜಾಗ ಸಾಲದಿದ್ದಾಗ ಅವಳೇ ಪಕ್ಕಕ್ಕೆ ಸರಿದು ನಿಂತಳು.

ಕೆಳಗಿಳಿದು ಬಂದವಳು ಸೌತೆ ಮಿಡಿಗಳನ್ನು ಕೀಳತೊಡಗಿದಳು. ಹೆಬ್ಬೆರಳಷ್ಟಿದ್ದದ್ದನ್ನೂ ಬಿಡಲಿಲ್ಲ.

“ಇನ್ನೂ ಎಳೇದಲ್ವೇನೇ!” ಇಸ್ರಾರ್ ಓಡಿಬಂದ.

“ನೀವೂ ಕೊಯ್ಯಿರಿ,” ಅಂದಳು.

ಅವನು ಹಲಸಿನ ಮರ ನೋಡಿದ. ಬುಟ್ಟಿ ತಂದ. ಕತ್ತಲಾಗುವ ಮೊದಲು ಸೌತೆ, ಬದನೆ, ಬೆಂಡೆ ಎಲ್ಲ ಬರಿದಾದವು. ಭತ್ತವನ್ನು ಮಾತ್ರ ಕೊಯ್ಯುವ ಹಾಗಿರಲಿಲ್ಲ. ಅದಕ್ಕೆ ಇನ್ನೆರಡು ತಿಂಗಳು ಬೇಕಿತ್ತು.